ನಾ ಇಂಗ್ಲಿಷಿನಾಗ ಬರದ ಮೊದಲನೇ ಪತ್ರ

ಅಕ್ಟೋಬರ್ 6, ರವಿವಾರ

ಇವತ್ತಿನಿಂದ ನನಗ ಎರಡು ವಹಿ. ಒಂದು ಇಂಗ್ಲಿಷಿನದು. ದಿನಾ ಐದು ಸಾಲು ಬರದು ರವಿವಾರ ಅಬ್ದುಲರೌಫ ಸರ್‌ಗೆ ತೋರಿಸಬೇಕು. ಇನ್ನೊಂದು ಇದು. ಇದನ್ನ ಯಾರಿಗೂ ತೋರಸಂಗಿಲ್ಲ. ಆ ವಹ್ಯಾಗ "ನಾನು ಆರಕ್ಕ ಏಳ್ತೀನಿ, ಚಹಾ ಕುಡೀತೀನಿ" ಅಂತ ಬರಿಯೂದರಾಗ ಐದು ಸಾಲು ಮುಗದು ಹೋದುವು. ಹೇಳಬೇಕಾದ್ದೆಲ್ಲ ಹೊಟ್ಟ್ಯಾಗ ಉಳೀತು. ಅದನ್ನ ಇಲ್ಲಿ ಕಕ್ಕತೀನಿ.

ಸಂಗತಿ ಇಷ್ಟ. ನಮ್ಮ ಬೀಜದ ಕಂಪನ್ಯಾಗ ಜನವರಿಗೆ ಕ್ವಾಲಿಟಿ ಇನ್‌ಚಾರ್ಜ್ ಅಂತ ಒಂದು ಹುದ್ದೆ ಆಗತೈತಿ. ಒಂದ ಹುದ್ದೆ. ತಾವರಗೇರಾ ಸುತ್ತಲಿನ ಹದಿನೆಂಟು ಬೀಜದ ಪ್ಲಾಟ್ ಆ ಹುದ್ದೆ ಸಿಕ್ಕವರ ಕೈಯಾಗ. ವರದಿ ಎಲ್ಲಾ ಹೈದರಾಬಾದಿಗೆ ಹೋಗೂದಕ್ಕ, ಇಂಗ್ಲಿಷ್ ಬರಿಯಾಕ ಬಂದವರಿಗೇ ಕೊಡತಾರಂತ. ಹನ್ನೊಂದು ವರ್ಷದಿಂದ ನಾ ಸೂಪರ್‌ವೈಸರ್. ಬಿಸಲು ನನ್ನ ತಲಿ ಮ್ಯಾಲ, ಹುದ್ದೆ ಮಾತ್ರ ವ್ಯಾಕರಣದ ಮ್ಯಾಲ. ಇರ್ಲಿ. ಕಂಪನ್ಯಾವರೇ ಕುಷ್ಟಗ್ಯಾಗ ಗೋದಾಮಿನ ಮ್ಯಾಲಿನ ಖೋಲ್ಯಾಗ ರವಿವಾರಕ್ಕೊಮ್ಮೆ ಕ್ಲಾಸ್ ಇಟ್ಟಾರ. ಅಬ್ದುಲರೌಫ ಸರ್ ರಿಟೈರ್ ಆದ ಹೆಡ್‌ಮಾಸ್ತರು, ಅವರೇ ಕಲಸ್ತಾರ. ಎಂಟು ಮಂದಿ ಹೋಗ್ತೀವಿ. ಆರು ಮಂದಿ ಚಹಾ-ಬಿಸ್ಕೀಟಿಗೆ ಬರ್ತಾರ. ಉಳದಾಕಿ ನಾನು, ಮತ್ತ ಆ ಅನುಸೂಯಾ.

ಅನುಸೂಯಾ ಅಂದ್ರ ಕನಕಮ್ಮನ ಮಗಳು. ಕನಕಮ್ಮ ನಮ್ಮಪ್ಪನ ಹೊಲದಾಗ ಕಸಾ ತಗದಾಕಿ. ಈ ಹುಡುಗಿ ಮೂರು ವರ್ಷದ ಹಿಂದ ನನ್ನ ಕೈಕೆಳಗ ಹೂವಿನ ಕ್ರಾಸಿಂಗ್ ಕೂಲಿಗೆ ಬಂದಿತ್ತು. ಚಿಮಟಾ ಹಿಡಿಯೂದು ನಾನ ಕಲಿಸೀನಿ. ಕೂಲಿ ಮಾಡಕೋತ ಬಿ.ಎ. ಕಟ್ಟಿ ಪಾಸಾಗಿ ಈಗ ನನ್ನ ಸರೀ ಸೂಪರ್‌ವೈಸರ್ ಆಗಿ ಕುಂತಾಳ.

ಇವತ್ತು ಸರ್ ಹತ್ತು ವಾಕ್ಯ ಕೊಟ್ಟು ಪೂರ್ಣವಿರಾಮ, ಅಲ್ಪವಿರಾಮ ಹಾಕ್ರಿ ಅಂದ್ರು. ಆಕಿದು ಹತ್ತಕ್ಕ ಹತ್ತು. ನಂದು ನಾಲ್ಕು. ನಾ ಅಲ್ಪವಿರಾಮ ರೊಟ್ಟಿ ಮ್ಯಾಲ ಎಳ್ಳು ಉದುರಿಸಿದಂಗ ಉದುರಿಸಿದ್ದೆ.

ಅಕ್ಟೋಬರ್ 9, ಬುಧವಾರ

ಅಂದಪ್ಪ ಅನ್ನೂ ರೈತನ ಟೊಮೆಟೊ ಪ್ಲಾಟಿಗೆ ಅನುಸೂಯಾನ್ನ ಹಾಕ್ಯಾರ. ನನ್ನ ಪ್ಲಾಟಿಗೆ ಹತ್ತಿದ್ದ ಹೊಲ, ನಡುವ ಹುಳಾ ತಡಿಯೂ ಒಂದು ಬಲಿ ಪರದಾ ಅಷ್ಟ.

ಕ್ರಾಸಿಂಗ್ ಕೆಲಸ ನಾ ನಿದ್ದ್ಯಾಗೂ ಮಾಡ್ತೀನಿ. ಸಂಜಿಮುಂದ ಮೊಗ್ಗು ಅರಳೂಕಿಂತ ಮೊದಲ ಅದರೊಳಗಿನ ಗಂಡು ಭಾಗ ಚಿಮಟಾದಿಂದ ಕೀಳಬೇಕು. ಮರುದಿನ ಮುಂಜಾನೆ ಬ್ಯಾರೆ ತಳಿಯ ಹೂವಿನ ಪುಡಿ ಬೆರಳಿಗೆ ಹಾಕೂ ಉಂಗುರದಾಗ ತುಂಬಿಕೊಂಡು ಮುಟ್ಟಿಸಬೇಕು. ಮುಟ್ಟಿಸಿದ ಕೂಡ್ಲೆ ಹೂವಿನ ಬುಡದ ಹಸರು ಎಸಳು ಎರಡು ಚಿವುಟಬೇಕು. ಅದ ಗುರುತು. ಗುರುತಿಲ್ಲದ ಕಾಯಿ ಕಂಡ್ರ ಕಿತ್ತು ಒಗೀಬೇಕು, ಅದು ತಾನ ಕಟ್ಟಿದ್ದು. ಅದರ ಬೀಜ ಕೂಡಿದ್ರ ಇಡೀ ಪ್ಲಾಟಿನ ಬೀಜ ಕೆಡತೈತಿ. ಇಷ್ಟು ನನಗ ಗೊತ್ತೈತಿ, ಆದ್ರ ಇಂಗ್ಲಿಷಿನಾಗ ಹೇಳು ಅಂದ್ರ ಬಾಯಾಗ ಹಿಟ್ಟು ತುಂಬಿದಂಗ ಆಗತೈತಿ.

ಆಕಿ ಕೂಲಿ ಹೆಣ್ಣಮಕ್ಕಳಿಗೆ ಹೂವಿನ ಇಂಗ್ಲಿಷ್ ಹೆಸರು ಕಲಸಾಕ ಹತ್ಯಾಳ. ಸಾಲಿಗೆ ಸಾಲು ಕುಂತು "ಪೆಟಲ್, ಪೆಟಲ್" ಅಂತ ನಗತಾರ. ನನ್ನ ಪ್ಲಾಟಿನವರ ಕಿವಿನೂ ಆ ಕಡೆ. ಬೈದೆ ಎಲ್ಲಾರ್ನೂ.

ಅಕ್ಟೋಬರ್ 13, ರವಿವಾರ

ಸರ್ ಇವತ್ತು ಆಕಿ ವಹಿ ಎತ್ತಿ ಎಲ್ಲಾರ ಮುಂದ ಓದಿದ್ರು, ಕನ್ನಡದಾಗ ಅರ್ಥಾನೂ ಹೇಳಿದ್ರು. ಟೊಮೆಟೊ ಎಲಿ ಹತ್ತಿ ಅವರವ್ವನ ಕೈ ಕರ್‍ರಗಾಗಿದ್ದು, ಸಾಬಾಣ ಹಚ್ಚಿದ್ರೂ ಹೋಗದ್ದು, ಮಗಳಿಗೆ ತುತ್ತು ಕೊಡೂಮುಂದ ಅವ್ವ ಕೈ ಮುಚ್ಚಕೊಳ್ಳೂದು, ಎಲ್ಲಾ ಬರದಿದ್ಲು.  ಖರೆ ಹೇಳಬೇಕಂದ್ರ, ಕನಕಮ್ಮನ ಕೈ ನಾನೂ ನೋಡೀನಿ. ನಲವತ್ತು ವರ್ಷ ನೋಡೀನಿ, ಒಂದು ಸಾಲು ಬರೀಲಿಲ್ಲ.

ಕಡೀಕ ನನ್ನ ಹೆಸರೂ ಬಂತು. ಲಲಿತಾ ಅಕ್ಕಾರು ನನಗ ಹೂ ಹಿಡಿಯೂದು ಕಲಿಸ್ಯಾರ, ಅವರ ಕೈಯಾಗ ಒಂದು ಹೂವೂ ಹರದದ್ದು ನಾ ನೋಡಿಲ್ಲ ಅಂತ. ಎಲ್ಲಾರೂ ನನ್ನ ಕಡೆ ತಿರುಗಿ ನಕ್ರು. ಎಷ್ಟು ಶ್ಯಾಣ್ಯಾಕಿ ನೋಡು! ನನ್ನ ಹೊಗಳಿ ತಾ ದೊಡ್ಡಾಕಿ ಆದ್ಲು. ಬೈದಿದ್ರ ಒಂದು ಉತ್ತರ ಕೊಡಬಹುದಿತ್ತು, ಹೊಗಳಿದಾಕಿಗೆ ಏನಂತ ಕೊಡೂದು?

ಅಕ್ಟೋಬರ್ 21, ಸೋಮವಾರ

ಆಕಿ ವಹಿ ಇಸಗೊಂಡು ಬಂದೀನಿ. ಕದ್ದಿಲ್ಲ, ಬಾಯಿಬಿಟ್ಟು ಕೇಳೀನಿ. ಹಿಂದಿನ ವಾರದ ಶಬ್ದ ಬರಕೊಳ್ಳೂದೈತಿ ಅಂದೆ. ಕೊಟ್ಲು. ಅಕ್ಷರ ಮುತ್ತು ಪೋಣಿಸಿದಂಗ ಅದಾವು. ಮಧ್ಯಾಹ್ನ ಊಟದ ಹೊತ್ತಿನ್ಯಾಗ ನೂರಾ ಇಪ್ಪತ್ತು ಶಬ್ದ ಇಳಿಸಿಕೊಂಡೆ. ಎಷ್ಟೋ ಶಬ್ದದ ಎದುರಿಗೆ ಪ್ರಶ್ನಾರ್ಥಕ ಚಿಹ್ನೆ ಹಾಕ್ಯಾಳ. ಅಂದ್ರ ಆಕಿಗೂ ಬರೂದಿಲ್ಲ. ಅವನ್ನ ಮೊದಲ ಬಾಯಿಪಾಠ ಮಾಡಿದೆ.

ನಿಘಂಟಿನ್ಯಾಗ ಹೊಟ್ಟೆಕಿಚ್ಚು ಹುಡುಕಿದೆ. ಜೆಲಸಿ ಅಂತ. ಹೊಟ್ಟೀನೂ ಇಲ್ಲ, ಕಿಚ್ಚೂ ಇಲ್ಲ. ಅವರಿಗೆ ಎಲ್ಲಿ ಉರೀತೈತೋ ಏನೋ.

ನವೆಂಬರ್ 4, ಸೋಮವಾರ

ದೀಪಾವಳಿ ಇತ್ತು, ಬರೀಲಿಲ್ಲ. ನಮ್ಮ ಮನಿಯಾವ್ರು, ಪಂಪಾಪತಿ, ಬಸ್ ಡಿಪೋದಾಗ ಮೆಕ್ಯಾನಿಕ್. ಮಾತು ಕಡಿಮಿ. ಅವರೇ ಇವತ್ತು, ಕಡಬು ಕರಿಯೂಮುಂದ ನೀ ಒಬ್ಬಾಕಿನ ಇಂಗ್ಲಿಷಿನಾಗ ಗೊಣಗತಿದ್ದಿ ಅಂದ್ರು. ಏನಂತಿದ್ದೆ ಅಂತ ಕೇಳಿದೆ. ಅವರಿಗೆ ತಿಳೀಲಿಲ್ಲಂತ, ಆದ್ರ ಜಗಳ ಆಡಿದಂಗ ಇತ್ತಂತ.

ನಿನ್ನೆ ಕ್ಲಾಸಿನ್ಯಾಗ ನಂದು ಎಂಟು, ಆಕಿದು ಒಂಬತ್ತು. ಆ ಒಂದು ಅಂಕ ಎದಿಯಾಗ ಮುಳ್ಳಾಗಿ ಕುಂತೈತಿ.

ನವೆಂಬರ್ 13, ಬುಧವಾರ

ಇಂಥಾ ದಿನ ವೈರಿಗೂ ಬ್ಯಾಡ.

ಹೈದರಾಬಾದಿನಿಂದ ನಮ್ಮ ಮ್ಯಾನೇಜರ್ ತಿರುಪತಿ ಸರ್ ಬಂದಿದ್ರು, ಜೋಡಿ ಬೀಜ ಕೊಳ್ಳೂ ಒಬ್ಬ ದೊಡ್ಡ ಸಾಹೇಬನ್ನ ಕರಕೊಂಡು. ಆತಗ ಇಂಗ್ಲಿಷ್ ಬಿಟ್ಟು ಬ್ಯಾರೆ ಬರೂದಿಲ್ಲ. ಅಂದಪ್ಪನ ಪ್ಲಾಟ್ ತೋರಸೂದಿತ್ತು. ಆ ಹುದ್ದೆಗೆ ನಾವಿಬ್ಬರೂ ಕಣ್ಣಿಟ್ಟಿರೂದು ತಿರುಪತಿ ಸರ್‌ಗೆ ಗೊತ್ತು, ಇಬ್ಬರನ್ನೂ ಕರದ್ರು. ಮೂರು ದಿನದಿಂದ ಹನ್ನೆರಡು ವಾಕ್ಯ ಗಟ್ಟಿ ಮಾಡಿದ್ದೆ. ಸಾಹೇಬ ಬಾಗಲದಾಗಿನ ಕಂಬದ ಹತ್ರ ನಿಂತು ನನ್ನ ಮಾರಿ ನೋಡಿ ಒಂದು ಪ್ರಶ್ನೆ ಕೇಳಿದ. ತಿಳೀತು. ಪೂರ್ತಿ ತಿಳೀತು. ಉತ್ತರಾನೂ ಬಾಯಿತನಕ ಬಂತು, ಹೊರಗ ಬರಲಿಲ್ಲ. ಕೈಯಾಗ ಪುಡಿ ತುಂಬಿದ ಉಂಗುರ ಇತ್ತಲ್ಲ, ನಾಚಿಕಿಗೆ ಎದುರಿಗಿನ ಗಿಡದ ಹೂವಿಗೆ ಪುಡಿ ಮುಟ್ಟಿಸಿಕೋತ ನಿಂತೆ. ಉತ್ತರ ಆಕಿ ಕೊಟ್ಲು.

ಆಕಿ ಮಾತಾಡಿದ್ದರಾಗ ಎರಡು ತಪ್ಪಿದ್ದುವು. ನಾ ಎಣಿಸೀನಿ. ಆದ್ರೂ ಸಾಹೇಬ ತಲಿ ಆಡಿಸಿದ, ನಕ್ಕ. ತಪ್ಪು ಮಾತಾಡಿದಾಕಿ ಗೆದ್ಲು, ತಪ್ಪು ಹಿಡದಾಕಿ ಮೂಕಿ ಆಗಿ ನಿಂತ್ಲು. ಹೋಗೂಮುಂದ ತಿರುಪತಿ ಸರ್, ಜನವರಿದು ಹೆಚ್ಚೂಕಡಿಮಿ ತೀರ್ಮಾನ ಆದಂಗ ಅಂತ ಆಕಿಗೆ ಅಂದದ್ದು ನನ್ನ ಕಿವಿಗೆ ಬಿತ್ತು.

ನವೆಂಬರ್ 14, ಬೇಸ್ತವಾರ

ಉಣ್ಣಾಕ ಮನಸ್ಸಾಗಲಿಲ್ಲ.

ನವೆಂಬರ್ 24, ರವಿವಾರ

ಸರ್ ಇವತ್ತು ದೂರಿನ ಪತ್ರ ಬರಿಯೂದು ಕಲಿಸಿದ್ರು. ಮ್ಯಾಲ ತಾರೀಖು, ಆಮ್ಯಾಲೆ ವಿಷಯ, "ತಿಳಿಸಾಕ ವಿಷಾದ ಅನಸ್ತೈತಿ" ಅಂತ ಸುರು, ಕಡೀಕ "ನಿಮ್ಮ ವಿಶ್ವಾಸಿ". ಬಸ್ ಸರಿಯಾಗಿ ಬರೂದಿಲ್ಲ ಅಂತ ಒಂದು ಬರಕೊಂಡು ಬರ್ರಿ ಅಂದ್ರು. ಬಸ್ಸಿಂದು ಬರದೆ. ಸಪ್ಪಗ ಆತು.

ನಿನ್ನೆ ಸಂಜಿಮುಂದ ಅಂದಪ್ಪನ ಪ್ಲಾಟ್ ದಾಟಿ ಬರೂಮುಂದ ಬಾಗಲದ ಕಂಬದ ಹತ್ರ ಒಂದು ಸಣ್ಣ ಕಾಯಿ ನೋಡಿದ್ದೆ. ಎಸಳು ಚಿವುಟಿರಲಿಲ್ಲ. ಗುರುತಿಲ್ಲದ ಕಾಯಿ, ಆಕಿ ಪ್ಲಾಟಿನ್ಯಾಗ. ಹುಡುಕಿದೆ, ಮತ್ತೊಂದು ಸಿಗಲಿಲ್ಲ. ಇವತ್ತು ಬಸ್ಸಿನ ಪತ್ರ ಮುಗಿಸಿ, ಸುಮ್ನ ರೂಢಿಗಂತ, ಆ ಕಾಯಿ ಮ್ಯಾಲ ಒಂದು ಬರದೆ. ಅಯ್ಯ ಶಿವನ, ಕೈ ನಿಲ್ಲಲೇ ಇಲ್ಲ. ಒಂದು ಪುಟ ತುಂಬಿತು. ಒಂದು ಕಾಯಿ ಇದ್ದದ್ದು ನಲವತ್ತು ಆದುವು. ಕನ್ನಡದಾಗ ಬರದಿದ್ರ ಮೊದಲನೇ ಸಾಲಿಗೇ ನಾಲಿಗಿ ಒಣಗ್ತಿತ್ತು. ಇಂಗ್ಲಿಷಿನಾಗ ಅದು ನಾ ಹೇಳಿದಂಗ ಅನಸಲೇ ಇಲ್ಲ, ಯಾರೋ ಆಫೀಸಿನವರು ಹೇಳಿದಂಗ ಇತ್ತು. ಮೂರು ಸಲ ಓದಿದೆ. ಒಂದು ತಪ್ಪೂ ಇಲ್ಲ.

ನವೆಂಬರ್ 26, ಮಂಗಳವಾರ

ಕಳಿಸಿದೆ. ಫೋಟೋ ಹೊಡದು ತಿರುಪತಿ ಸರ್ ಫೋನಿಗೆ. ನನ್ನ ಹೆಸರಿನ ಮ್ಯಾಲೇ ಕಳಿಸೀನಿ, ಕಳ್ಳರಂಗ ಅಲ್ಲ.

ನವೆಂಬರ್ 28, ಬೇಸ್ತವಾರ

ತಿರುಪತಿ ಸರ್ ಫೋನ್ ಮಾಡಿದ್ರು. ಅವರ ಅರ್ಧ ತೆಲುಗಿನ ಕನ್ನಡದಾಗ, ಲಲಿತಾ ಅವರ, ಇಷ್ಟು ಛಲೋ ಇಂಗ್ಲಿಷ್ ನಿಮಗ ಬರತೈತಂತ ಗೊತ್ತಿರಲಿಲ್ಲ, ಹೆಡ್ಡಾಫೀಸಿನ್ಯಾಗ ಎಲ್ಲಾರೂ ಓದ್ಯಾರ ಅಂದ್ರು. ಹನ್ನೊಂದು ವರ್ಷದಾಗ ಮೊದಲನೇ ಸಲ ಒಬ್ಬರು ನನ್ನ ಬರಹ ಛಲೋ ಐತಿ ಅಂದ್ರು. ಶ್ಯಾವಿಗಿ ಪಾಯಸ ಮಾಡಿದೆ. ಮನಿಯಾವ್ರು ಏನು ಹಬ್ಬ ಅಂತ ಕೇಳಿದ್ರು. ಏನಿಲ್ಲ ಅಂದೆ.

ಡಿಸೆಂಬರ್ 2, ಸೋಮವಾರ

ಹಿಂಗ ಆಗತೈತಂತ ನಾ ಅನಕೊಂಡಿರಲಿಲ್ಲ. ದೇವರಾಣಿ ಅನಕೊಂಡಿರಲಿಲ್ಲ. ಆಕಿಗೆ ನಾಲ್ಕು ಮಾತು ಬೈತಾರ, ಜನವರಿದು ತಪ್ಪತೈತಿ, ಮುಗೀತು ಅಂತಿದ್ದೆ.

ತಿರುಪತಿ ಸರ್ ಇವತ್ತು ಬಂದು ಪ್ಲಾಟ್ ನೋಡಿದ್ರು. ಕಂಬದ ಹತ್ರ ಆ ಒಂದು ಕಾಯಿ ಸಿಕ್ಕಿತು. ಇದೊಂದು ಉಳದೈತಿ, ಬಾಕಿ ಮೂವತ್ತೊಂಬತ್ತನ್ನ ಅನುಸೂಯಾ ಸುದ್ದಿ ಗೊತ್ತಾಗಿ ಕಿತ್ತು ಒಗದಿರಬೇಕು ಅಂದ್ರಂತ. ಹನ್ನೊಂದು ವರ್ಷದಾಕಿ ಬರದಾಳ ಅಂದಮ್ಯಾಲ ಸುಳ್ಳು ಹ್ಯಾಂಗ ಆದೀತು ಅಂದ್ರಂತ. ಪ್ಲಾಟ್ ರದ್ದು. ಶನಿವಾರದೊಳಗ ಎಲ್ಲಾ ಕಾಯಿ ಕಿತ್ತು ಗುಂಡ್ಯಾಗ ಹಾಕಬೇಕಂತ. ಅನುಸೂಯಾನ್ನ ಕೆಲಸದಿಂದ ಬಿಡಸ್ತಾರಂತ.

ಅಂದಪ್ಪ ಬದುವಿನ ಮ್ಯಾಲ ಕುಂತಿದ್ದ. ನಾ ದಾಟಿ ಬಂದೆ. ನಮಸ್ಕಾರ್ರೀ ಅಕ್ಕಾರ ಅಂದ. ಪತ್ರ ಬರದಾಕಿ ಯಾರಂತ ಆತಗ ಯಾರೂ ಹೇಳಿಲ್ಲ.

ಡಿಸೆಂಬರ್ 4, ಬುಧವಾರ

ಅನುಸೂಯಾಗ ಪತ್ರ ತೋರಿಸ್ಯಾರ, ಉತ್ತರ ಕೊಡಾಕ. ಕೆಳಗ ನನ್ನ ಹೆಸರು ಐತಿ, ಅಕ್ಷರಾನೂ ಆಕಿಗೆ ಗೊತ್ತಿಲ್ಲದ್ದಲ್ಲ.

ಮುಂಜಾನೆ ಬಲಿ ಪರದಾ ಸರಿಸಿ ನನ್ನ ಪ್ಲಾಟಿಗೆ ಬಂದ್ಲು. ನನ್ನ ಮಂದಿ ಎಲ್ಲಾ ಸಾಲಿನ್ಯಾಗ ಇದ್ರು. ಬೈತಾಳಂತ ಗಟ್ಟಿಯಾಗಿ ನಿಂತಿದ್ದೆ. ಬೈಲಿಲ್ಲ. ಕಣ್ಣು ಮಾತ್ರ ಕೆಂಪಗಿದ್ದುವು.

"ಅಕ್ಕಾರ, ಆ ಕಾಯಿ ನಿಮ್ಮದು," ಅಂದ್ಲು.

ನನಗ ತಿಳೀಲಿಲ್ಲ.

"ಸಾಹೇಬ್ರು ಬಂದ ದಿನ ಕಂಬದ ಹತ್ರ ನಿಂತು ನೀವು ಪುಡಿ ಮುಟ್ಟಿಸಿದ್ರಿ. ಎಸಳು ಚಿವುಟಲಿಲ್ಲ. ನಾ ನೋಡಿದ್ದೆ. ಕಾಯಿ ಆದಮ್ಯಾಲ ಕೀಳಬೇಕಂತ ಎರಡು ಸಲ ಕೈ ಹಾಕೀನ್ರಿ. ಲಲಿತಾ ಅಕ್ಕಾರ ಕೈಯಿಂದ ಆದದ್ದು, ಗುರುತಿಲ್ಲದಿದ್ರೂ ಖರೇ ಕಾಯಿ ಅಂತ ಬಿಟ್ಟೆ."

ತಿರುಪತಿ ಸರ್‌ಗೆ ಹೇಳಬೇಕಿತ್ತಿಲ್ಲೋ ಅಂತ ಕೇಳಿದೆ. 

"ಹೇಳೀನ್ರಿ. ಲಲಿತಾ ಗುರುತು ಮರೀತಾಳೇನು ಅಂತ ನಕ್ರು." ಆಮ್ಯಾಲೆ, "ನಲವತ್ತು ಅಂತ ಬರದೀರಿ. ನಾ ನಿಮಗ ಏನ್ ಮಾಡಿದ್ದೇನ್ರಿ?" ಅಂದ್ಲು.

ಉತ್ತರ ಇತ್ತು ನನ್ನ ಹತ್ರ. ಹತ್ತಕ್ಕ ಹತ್ತು ತಗೊಂಡಿದ್ದಿ ಅನ್ನೂದು ಒಂದ. ಅದನ್ನ ಹ್ಯಾಂಗ ಹೇಳೂದು?

ಆಕಿ ಹೋದಮ್ಯಾಲ ತಿರುಪತಿ ಸರ್‌ಗೆ ಫೋನ್ ಹಚ್ಚಿದೆ. ಕಾಯಿ ಅಷ್ಟು ಇರಲಿಲ್ರಿ ಅಂದೆ. ಬರದು ಕಳಸ್ರಿ, ಬಾಯಿಮಾತು ಹೆಡ್ಡಾಫೀಸಿನವರು ಕೇಳಂಗಿಲ್ಲ, ಕನ್ನಡ ಅವರಿಗೆ ಓದಾಕ ಬರಂಗಿಲ್ಲ ಅಂದ್ರು.

ಡಿಸೆಂಬರ್ 5, ಬೇಸ್ತವಾರ

ಮುಂಜಾನಿಯಿಂದ ಏಳು ಹಾಳಿ ಹರದೀನಿ. ಅವತ್ತು ನಿಲ್ಲದ ಕೈ ಇವತ್ತು ತಾರೀಖು ಬರದು ನಿಂತುಬಿಡತೈತಿ. ಶಬ್ದ ಗೊತ್ತಿಲ್ಲಂತಲ್ಲ. ಎಲ್ಲಾ ಗೊತ್ತದಾವು. ಸಾಲಿಗೆ ಸಾಲು ಕೂಡವಲ್ಲವು. ಅಬ್ದುಲರೌಫ ಸರ್ ಹತ್ರ ಹೋಗಬಹುದಿತ್ತು. ಅವರ ಮಾರಿ ನೋಡಾಕ ಧೈರ್ಯ ಆಗಲಿಲ್ಲ.

ಮಧ್ಯಾಹ್ನ ಕನಕಮ್ಮನ ಮನಿಗೆ ಹೋದೆ. ಹುಟ್ಟಿ ಬೆಳದ ಊರಾಗ ಆ ಓಣ್ಯಾಗ ನಾ ಒಮ್ಮೆನೂ ಕುಂತಿಲ್ಲ. ಕನಕಮ್ಮ ಕೌದಿ ಹಾಸಿ, ಬರ್ರಿ ತಂಗಿ ಅಂತ ಚಹಾ ಕೊಟ್ಲು. ಆಕಿಗೆ ಪ್ಲಾಟ್ ರದ್ದಾದದ್ದು ಗೊತ್ತು, ಪತ್ರದ್ದು ಗೊತ್ತಿಲ್ಲ. ಮಗಳು ಹೇಳಿಲ್ಲ. ನಾನ ಹೇಳಿದೆ. ಕನಕಮ್ಮ ಚಹಾದ ಕಪ್ಪು ನನ್ನ ಕೈಯಾಗ ಇರೂದು ನೋಡಿ ಎದ್ದು ಒಳಗ ಹೋದ್ಲು. ಅದಕ್ಕಿಂತ ಕಪಾಳಕ್ಕ ಹೊಡದಿದ್ರ ಛಲೋ ಇತ್ತು.

ಅನುಸೂಯಾಗ ಅಂದೆ, ನಾ ಕನ್ನಡದಾಗ ಹೇಳ್ತೀನಿ, ನೀ ಇಂಗ್ಲಿಷಿನಾಗ ಬರಿ.  ಆಕಿ ಪೆನ್ನು ತಗೊಂಡ್ಲು. ಹೇಳಿದೆ: ಕಾಯಿ ಇದ್ದದ್ದು ಒಂದ. ಅದು ನನ್ನ ಕೈಯಿಂದ ಆದದ್ದು, ಗುರುತು ಮರತಾಕಿ ನಾನು. ನಲವತ್ತು ಅಂತ ನಾ ಸುಳ್ಳು ಬರದೀನಿ. ಹೊಟ್ಟೆಕಿಚ್ಚಿಗೆ ಬರದೀನಿ.

ಆಕಿ ಬರದು ಕೊಟ್ಲು. ಓದಿದೆ. ನಾಲ್ಕು ಸಾಲು. ಎಣಿಸೂದರಾಗ ಲಲಿತಾ ಅವರಿಂದ ಒಂದು ತಪ್ಪಾಗೈತಿ, ದಯಮಾಡಿ ಮನ್ನಿಸ್ರಿ ಅಂತ ಇತ್ತು.

"ನಾ ಹೇಳಿದ್ದು ಇದಲ್ಲ," ಅಂದೆ.

"ಇಷ್ಟ ಸಾಕ್ರಿ ಅಕ್ಕಾರ. ಪ್ಲಾಟ್ ಉಳೀತೈತಿ. ನೀವು ಹೇಳಿದಂಗ ಬರದ್ರ ನಿಮ್ಮ ಕೆಲಸ ಹೋಗತೈತಿ."

ಆ ಹಾಳಿ ಹಿಡಕೊಂಡು ಕುಂತೆ. ಎರಡು ತಿಂಗಳ ಹಿಂದ ಆಗಿದ್ರ ಇದು ನನಗ ಓದಾಕೂ ಬರ್ತಿರಲಿಲ್ಲ, ಆಕಿ ಏನು ಬರದಾಳೋ ಅದ ಖರೆ ಅಂತ ಸಹಿ ಮಾಡಿ ಮನಿಗೆ ಹೋಗತಿದ್ದೆ. ಈಗ ಓದಾಕ ಬರತೈತಿ, ಏನ್ ಮಾಡೂದು. ನನ್ನ ಉಳಸಾಕ ಆಕಿ ಸುಳ್ಳು ಬರಿಯೂದು ನನಗ ಸೇರಲಿಲ್ಲ. ಅದರಾಗೂ ಆಕಿನ ದೊಡ್ಡಾಕಿ ಆಗ್ತಾಳಲ್ಲ! ಪೆನ್ನು ಕಸಗೊಂಡು ಆ ಸಾಲು ಹೊಡದು ಹಾಕಿ, ಕೆಳಗ ನಾನ ಬರದೆ. ಸಣ್ಣ ಸಣ್ಣ ಎರಡು ವಾಕ್ಯ. ಸುಳ್ಳಿಗೆ ಸುಳ್ಳು ಅಂತಲೇ ಬರದೆ. ಸಹಿ ಮಾಡಿ, ಅಲ್ಲೇ ಫೋಟೋ ಹೊಡದು ಕಳಿಸಿದೆ.

ಡಿಸೆಂಬರ್ 10, ಮಂಗಳವಾರ

ಅಂದಪ್ಪನ ಕಾಯಿ ಉಳದುವು. ಅನುಸೂಯಾಗ ಜನವರಿದು ಗಟ್ಟಿ ಆತು, ಕಾಗದ ಬಂದೈತಿ. ನನ್ನ ಸೂಪರ್‌ವೈಸರ್ ಕೆಲಸ ಹೋತು. ಕ್ರಾಸಿಂಗ್ ಕೂಲಿಗೆ ಬರೂದಿದ್ರ ಬರ್ರಿ ಅಂದಾರ. ಕೈ ಛಲೋ ಐತಲ್ಲ, ಅದಕ್ಕ.

ಅಂದಪ್ಪಗ ನಾನ ಹೋಗಿ ಹೇಳಿ ಬಂದೆ. ಆತ ಈ ಸಲ ನಮಸ್ಕಾರ ಅನ್ನಲಿಲ್ಲ.

ಅನುಸೂಯಾನ ಹೊಸ ರಜಿಸ್ಟರಿನ್ಯಾಗ ಆಕಿ ಅಕ್ಷರ ನೋಡಿದೆ. ಎಲ್ಲಾ ಆದಮ್ಯಾಲೂ ಹೊಟ್ಟಿ ಉರೀತು. ಭಾಳ ಉರೀತು.

ಡಿಸೆಂಬರ್ 15, ರವಿವಾರ

ಮುಂಜಾನೆ ಸೀರಿ ಉಟ್ಟು ವಹಿ ತಗೊಳ್ಳೂದು ನೋಡಿ ಮನಿಯಾವ್ರು ಕೇಳಿದ್ರು, ಹುದ್ದೆ ಹೋತು, ಇನ್ನ ಇಂಗ್ಲಿಷ್ ಯಾಕ ಅಂತ.

"ಆಕಿ ಒಬ್ಬಾಕಿನ ಹೋಗಿ ಎಲ್ಲಾ ಕಲತು ಬಂದ್ರ?" ಅಂದೆ.

ಕುಷ್ಟಗಿ ಬಸ್ ತುಂಬಿತ್ತು. ಆಕಿ ಮೂರನೇ ಸೀಟಿನ್ಯಾಗ ಇದ್ಲು, ಬಾಜೂಕ ಬ್ಯಾಗ್ ಇಟ್ಟಿದ್ಲು. ನನ್ನ ನೋಡಿದ್ಲು, ಕಿಟಕಿ ಕಡೆ ತಿರುಗಿದ್ಲು. ಬಸ್ ಬಿಟ್ಟಮ್ಯಾಲ, ನಾ ಜೋಲಿ ಹೊಡಿಯೂದು ನೋಡಿ, ಬ್ಯಾಗ್ ತಗದು ತೊಡಿ ಮ್ಯಾಲ ಇಟಗೊಂಡ್ಲು. ಕುಂತೆ. ಅರ್ಧ ದಾರಿಗೆ ಬಂದಮ್ಯಾಲ ವಹಿ ತಗದೆ.

ಹೋದ ವಾರ ಸರ್ ಇಪ್ಪತ್ತು ಶಬ್ದ ಕೊಟ್ಟಿದ್ರು, ಅರ್ಥ ಬರಕೊಂಡು ಬಾಯಿಪಾಠ ಮಾಡಾಕ. ನಾನ ಕೇಳಿದೆ, ಎಷ್ಟು ಬಂದುವು ನಿನಗ ಅಂತ.

ಹದಿನಾಲ್ಕು ಅಂದ್ಲು. ನಿಮಗ್ರಿ ಅಂತ ಕೇಳಿದ್ಲು.

ಹದಿನೈದು ಅಂತ ನಾಲಿಗಿ ತುದಿಗೆ ಬಂದಿತ್ತು. ಒಂಬತ್ತು ಅಂದೆ.